ರಾಣಿ ಕಡಲಿಗಿಳಿದ ಗಾಡಿ

ನಾಳೆಯ ಬೀಚಿಗೆಂದು ಝೊಹರಾ ಕಟ್ಲೆಟ್ ಕಾಯಿಸುತ್ತಿದ್ದಳು. ಅರ್ಧದಷ್ಟು ಆಗಿತ್ತು. ಮಗಳು ಶಹನಾ ಊಟದ ಮೇಜಿನ ಮೇಲೆ ಸಾಮಾನು ಹರಡಿಕೊಂಡು, ಒಂದು ರಟ್ಟಿನ ಗುಡಿಸಲಿಗೆ ಚಕ್ರ ಅಂಟಿಸುತ್ತಿದ್ದಳು. ವಿಕ್ಟೋರಿಯಾ ರಾಣಿಯ ಕಡಲತೀರದ ಅರಮನೆ ಅವಳ ಶಾಲೆಯ ಪ್ರಾಜೆಕ್ಟು.

“ಅರಮನೆಗೆ ಚಕ್ರ ಯಾಕೆ?”

“ಇದು ಅರಮನೆ ಅಲ್ಲ ಉಮ್ಮ, ರಾಣಿಯ ಸ್ನಾನದ ಗಾಡಿ. ಅವಳು ಒಳಗೆ ಬಟ್ಟೆ ಬದಲಿಸುವಾಗ ಗಾಡಿಯನ್ನೇ ನೀರಿಗೆ ಇಳಿಸುವುದಂತೆ. ಯಾರಿಗೂ ಕಾಣದ ಹಾಗೆ ಪರದೆ ಬೇರೆ. ಮೊದಲ ಸಲ ಕಡಲಿಗೆ ಇಳಿಯುವಾಗ ಅವಳಿಗೆ ಐದು ಮಕ್ಕಳು!”

ಝೊಹರಾಳ ಕೈ ನಿಂತಿತು. ಉಳ್ಳಾಲದ ಕಡಲ ಬದಿಯಲ್ಲೇ ಹುಟ್ಟಿದ್ದರೂ ಅವಳು ಪಾದ ಮಾತ್ರ ನೆನೆಸಿಕೊಂಡವಳು. ಇಲ್ಲಿ ಗಲ್ಫಿನ ಅಲ್ ವುಕೈರ್‌ಗೆ ಬಂದ ಮೇಲೂ ಶುಕ್ರವಾರದ ಬೀಚಿನಲ್ಲಿ ಚಾಪೆಯ ಮೇಲೆ ಕೂತು ಎಲ್ಲರ ಚಪ್ಪಲಿ, ಮೊಬೈಲು ಕಾಯುವುದೇ ಅವಳ ಕೆಲಸ.

“ನಾಳೆ ನಾನೂ ನೀರಿಗೆ ಇಳಿಯಲಾ?” ಎಂದು ಸೋಫಾದಲ್ಲಿದ್ದ ಗಂಡ ಇರ್ಷಾದನನ್ನು ಕೇಳಿದಳು.

“ಈ ಪ್ರಾಯದಲ್ಲಾ? ಮೊಬೈಲು ಯಾರು ನೋಡಿಕೊಳ್ಳುವುದು, ರಾಣಿ ಸಾಹೇಬರೇ?”

ಅಪ್ಪ ಮಗಳು ಇಬ್ಬರೂ ನಕ್ಕರು. ಝೊಹರಾ ಕೂಡ ನಕ್ಕಳು.

ಕಟ್ಲೆಟ್ ಮುಗಿಸಿ ಕೋಣೆಗೆ ಹೋದಳು. ಒದ್ದೆಯಾದರೂ ಮೈಗೆ ಅಂಟದ ಕಪ್ಪು ಚೂಡಿದಾರವನ್ನು ಹುಡುಕಿ ತೆಗೆದು, ಚೀಲದಲ್ಲಿ ಟವೆಲುಗಳ ಅಡಿಗೆ ಇಟ್ಟಳು. ಮೊಬೈಲುಗಳನ್ನು ಕಾರಿನಲ್ಲಿಟ್ಟು ಬೀಗ ಹಾಕಿದರಾಯಿತು. ಇನ್ನು ಯಾರನ್ನೂ ಕೇಳುವುದಿಲ್ಲ. ನಾಳೆ ಎದೆಮಟ್ಟ ನೀರು ಬರುವವರೆಗೆ ನಡೆಯುವುದು, ಕರೆದರೂ ತಿರುಗುವುದಿಲ್ಲ ಎಂದುಕೊಂಡು ಚೀಲದ ಜಿಪ್ ಎಳೆದಳು.