ಗೋಂದು ಮೆತ್ತಿದ ಗಾಯ

ಸುತ್ತಿಗೆ ಮಗನ ಕಿವಿಯ ಪಕ್ಕದಲ್ಲೇ ಹಾದು ಕಿಟಕಿಯ ಗಾಜನ್ನು ಪುಡಿಪುಡಿ ಮಾಡಿತು.

"ಯಾವನೋ ನೀನು? ನನ್ನ ಉಳಿ ಕದಿಯೋಕೆ ಬಂದ್ಯಾ?" ಮುದುಕ ಬಡಗಿ ಕೆಲಸದ ಮೇಜಿನ ಹಿಂದೆ ನಿಂತು ನಡುಗುತ್ತಿದ್ದ. ಎಪ್ಪತ್ತೈದರ ಮೈ, ಕಣ್ಣು ಕೆಂಡ.

"ನಾನಪ್ಪ, ನಿನ್ನ ಮಗ!"

"ನನ್ನ ಮಗಂಗೆ ಇನ್ನೂ ಮೀಸೆ ಬಂದಿಲ್ಲ ಕಣೋ, ಕಳ್ಳ!"

"ಎರಡು ದಿನದಿಂದ ಊಟ ಮುಟ್ಟಿಲ್ಲ ರೀ, ಬೆಳಿಗ್ಗೆಯಿಂದ ಹೀಗೇ ಬಡಬಡಿಸ್ತಿದ್ದಾರೆ," ಎಂದಳು ಬಾಗಿಲಲ್ಲಿದ್ದ ಸೊಸೆ. ಮಗ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊಳೆ ಸೊಟ್ಟಗಾದರೆ ಕಪಾಳಕ್ಕೆ, ಅಳತೆ ಕೂದಲೆಳೆ ತಪ್ಪಿದರೆ ಬೆನ್ನಿಗೆ, ಈ ಮನುಷ್ಯನ ಏಟು ತಿಂದೇ ಅವನು ಕಸುಬು ಕಲಿತದ್ದು. ಇದೂ ಅದೇ ಕೊಬ್ಬು ಎಂದುಕೊಂಡ. ಮುದುಕ ಗರಗಸ ಎತ್ತಿಕೊಂಡು ಸೊಸೆಯ ಮೇಲೆ ನುಗ್ಗಿದಾಗ ನಲವತ್ತೈದು ವರ್ಷದ ಸಿಟ್ಟು ಒಮ್ಮೆಗೇ ಕೈಗಿಳಿಯಿತು. ಬಾರಿಸಿದ. ಮುದುಕ ಮರದ ಪುಡಿಯ ರಾಶಿಯ ಮೇಲೆ ದೊಪ್ಪೆಂದು ಬಿದ್ದ.

ಮಗನ ಅಂಗೈ ಸುಡುತ್ತಿತ್ತು. ಅದು ಏಟಿನ ಉರಿಯಲ್ಲ. ಅಪ್ಪನ ಕೆನ್ನೆ ಕಾದ ಬಾಣಲೆಯಂತಿತ್ತು.

ಆಗ ಕಂಡದ್ದು ಅಪ್ಪನ ಎಡಗೈಯ ಹೆಬ್ಬೆರಳು. ವಾರದ ಹಿಂದೆ ಉಳಿ ತಾಗಿದಾಗ, ಮರದ ಬಿರುಕಿಗೆ ತುಂಬುವ ಹಾಗೆಯೇ, ಗೋಂದಿನಲ್ಲಿ ಮರದ ಪುಡಿ ಕಲಸಿ ಮೆತ್ತಿಕೊಂಡಿದ್ದ. ಮಗ ನೋಡಿ ಸುಮ್ಮನಿದ್ದ; ಅವನೂ ಹಾಗೇ ಮಾಡುವವನು. ಈಗ ಗೋಂದು ಒಡೆದು ಕೀವು ಒಸರುತ್ತಿತ್ತು. ಮೊಣಕೈವರೆಗೂ ಕೆಂಪು ಗೆರೆ ಹತ್ತಿತ್ತು.

ಆಸ್ಪತ್ರೆಯಲ್ಲಿ ಮುದುಕ ನರ್ಸಿನ ಹೊಟ್ಟೆಗೆ ಒದ್ದ, ಸೂಜಿ ಕಿತ್ತೆಸೆದ. ನಾಲ್ಕು ಜನ ಅದುಮಿ ಹಿಡಿದು ಕೈಕಾಲನ್ನು ಮಂಚಕ್ಕೆ ಕಟ್ಟಿದರು.

"ರಕ್ತಕ್ಕೆ ನಂಜು ಏರಿದೆ," ಎಂದರು ಡಾಕ್ಟರು. "ವಯಸ್ಸಾದವರಿಗೆ ಎಷ್ಟೋ ಸಲ ಮೊದಲು ಬುದ್ಧಿಯೇ ಕೆಡುತ್ತೆ. ಔಷಧಿ ಹಾಕಿದ್ದೀವಿ. ಇವತ್ತು ಕಳೀಲಿ." ಕೆನ್ನೆಯ ಮೇಲೆ ಮೂಡಿದ್ದ ಬೆರಳುಗಳ ಗುರುತು ನೋಡಿ, "ಇದೇನು?"

"ನಾನೇ ಹೊಡೆದೆ."

ಡಾಕ್ಟರು ಬರೆದುಕೊಂಡರು.

ಸಂಜೆಯ ಹೊತ್ತಿಗೆ ಮುದುಕ ಒದ್ದಾಡುವುದನ್ನು ನಿಲ್ಲಿಸಿದ. "ಸದ್ಯ, ಸುಮ್ಮನಾದ್ರು ನಿಮ್ಮ ತಂದೆ," ಎಂದಳು ನರ್ಸ್. ಮಗನ ಜೀವ ಹಾರಿದ್ದು ಅದಕ್ಕೇ. ಅಪ್ಪ ಸುಮ್ಮನಿದ್ದದ್ದನ್ನು ಅವನು ಎಂದೂ ನೋಡಿರಲಿಲ್ಲ. ಮಂಚಕ್ಕೆ ಕಟ್ಟಿದ್ದ ಬಲಗೈಯ ಗಂಟು ಬಿಚ್ಚತೊಡಗಿದ.

"ಏನ್ರೀ ಮಾಡ್ತಿದ್ದೀರಾ? ಹೊಡೀತಾರೆ!"

"ಹೊಡೀಲಿ ಬಿಡಮ್ಮ."

ಬಗ್ಗಿ ಆ ಕೈಯ ಹತ್ತಿರಕ್ಕೆ ಮುಖ ತಂದ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಿರುಬೆರಳು ಅಲುಗಿತು. ಒಂದೊಂದಾಗಿ ಬೆರಳುಗಳು ಮಡಿಚಿಕೊಳ್ಳುತ್ತಾ ಮುಷ್ಟಿಯಾದವು. ಮಗ ಮುಖ ಸರಿಸಲಿಲ್ಲ.