ಮಂತ್ರಿವಂಶದ ಐದನೇ ರಿವಿಷನ್

ನಮ್ಮ ಅಡ್ಮಿನ್ ಮ್ಯಾನೇಜರ್ ರಾಮಸ್ವಾಮಿಯವರು ಮಂತ್ರಿವಂಶದವರು. ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ಯಾರೂ ಕೇಳದಿದ್ದರೂ ಹೇಳುತ್ತಾರೆ.

ನಾನು ಇಗ್ನೇಶಿಯಸ್, ಉಡುಪಿ ಕಡೆಯವನು. ದೋಹಾದ ಅಲ್ ಸದ್ದ್‌ನಲ್ಲಿರುವ ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಡಾಕ್ಯುಮೆಂಟ್ ಕಂಟ್ರೋಲರ್. ಒಂದು ಡ್ರಾಯಿಂಗ್‌ನಲ್ಲಿ ಗೆರೆಯೊಂದು ಆಚೀಚೆ ಆದರೂ ಅದಕ್ಕೆ ಹೊಸ ರಿವಿಷನ್ ನಂಬರ್ ಹಾಕಿ, ಹಳೆಯದರ ಮೇಲೆ ‘ರದ್ದು’ ಎಂದು ಮೊಹರು ಒತ್ತುವುದು ನನ್ನ ಕೆಲಸ. ರೋಗ ಹೇಗೆ ಅಂಟಿದೆಯೆಂದರೆ ಜನರ ಮಾತಿಗೂ ಮನಸ್ಸಿನಲ್ಲೇ ನಂಬರ್ ಹಾಕುತ್ತೇನೆ. ರಾಮಸ್ವಾಮಿಯವರ ವಂಶಕ್ಕೂ ಹಾಕಿದ್ದೇನೆ.

ರಿವಿಷನ್ ಎ: ‘ನಮ್ಮ ತಾತನವರ ಮೂಲ ತಂಜಾವೂರು ಕಡೆ.’ ಇದು ನಾನು ಸೇರಿದ ವರ್ಷ, ಊಟದ ಹೊತ್ತಿನಲ್ಲಿ, ಮೊಸರನ್ನದ ಡಬ್ಬಿಯ ಮುಂದೆ ಹೇಳಿದ್ದು. ರಿವಿಷನ್ ಬಿ: ‘ನಮ್ಮ ಮನೆತನಕ್ಕೂ ಗೋವಿಂದ ದೀಕ್ಷಿತರಿಗೂ ಸಂಬಂಧವಿತ್ತು.’ ರಿವಿಷನ್ ಸಿ: ‘ನಾನು ಅವರ ಹದಿನಾಲ್ಕನೇ ತಲೆಮಾರು.’ ರಿವಿಷನ್ ಡಿ ಈ ವರ್ಷದ್ದು. ಅದರ ಪ್ರಕಾರ ತಂಜಾವೂರಿನ ಅರಸರು ದೀಕ್ಷಿತರನ್ನು ಕೇಳದೆ ಸ್ನಾನಕ್ಕೂ ಹೋಗುತ್ತಿರಲಿಲ್ಲ.

ಗೋವಿಂದ ದೀಕ್ಷಿತರೆಂಬ ಮಂತ್ರಿ ಇದ್ದದ್ದು ನಿಜ, ನಾನು ಹುಡುಕಿ ಓದಿದ್ದೇನೆ. ಸುಮಾರು ನಾಲ್ಕುನೂರು ವರ್ಷಗಳ ಹಿಂದೆ ತಂಜಾವೂರಿನ ನಾಯಕ ಅರಸರಲ್ಲಿ ಮೂರು ತಲೆಮಾರಿಗೆ ಮಂತ್ರಿಯಾಗಿದ್ದವರು. ಕನ್ನಡ ಮೂಲದವರು ಎನ್ನುತ್ತಾರೆ. ಕುಂಭಕೋಣದ ಮಹಾಮಹಂ ಕೆರೆಯ ಸುತ್ತಲಿನ ಮಂಟಪಗಳನ್ನು ಕಟ್ಟಿಸಿದ್ದು ಅವರೇ ಎಂಬ ಮಾತಿದೆ. ಅರಸರ ಸ್ನಾನದ ವಿಷಯ ಮಾತ್ರ ನನಗೆಲ್ಲೂ ಸಿಗಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ರಾಮಸ್ವಾಮಿ ನನ್ನನ್ನು ಕ್ಯಾಬಿನ್‌ಗೆ ಕರೆದರು. ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆಯೊಳಗೆ ಒಂದು ಕಂದು ಕಾಗದವಿತ್ತು. ತುಂಬ ತಮಿಳು ಬರಹ.

"ಏನ್ರೀ ಇಗ್ನೇಶಿಯಸ್, ನೋಡ್ರೀ ಇಲ್ಲಿ. ತಾತನ ಪೆಟ್ಟಿಗೇಲಿ ಸಿಕ್ತು. ಗೋವಿಂದ ಮಂತ್ರಿಗಳೇ ಬರೆಸಿದ್ದು. ರಾಜ್ಯೋತ್ಸವದ ದಿನ ಸ್ಟೇಜ್ ಮೇಲೆ ದೊಡ್ಡದಾಗಿ ತೋರಿಸ್ತೀನಿ."

ನಮ್ಮ ‘ಮರಳುಗಾಡಿನ ಕನ್ನಡ ಬಳಗ’ಕ್ಕೆ ಅವರೇ ಅಧ್ಯಕ್ಷರು. ಆರು ವರ್ಷಗಳಿಂದ ಅವರೇ. ನಾನು ಕಾಗದವನ್ನು ಎತ್ತಿ ಬೆಳಕಿಗೆ ಹಿಡಿದೆ. ತಮಿಳು ನನಗೆ ಬಾರದು, ಆದರೆ ಮೊಹರು ಓದಲು ಬರುತ್ತದೆ. ಮೇಲ್ಗಡೆ ಮೂಲೆಯಲ್ಲಿ ಸ್ಟ್ಯಾಂಪ್ ಪೇಪರಿನ ಮುದ್ರೆ. ಮುದ್ರೆಯೊಳಗೆ ಕಿರೀಟ ತೊಟ್ಟ ಒಬ್ಬ ಹೆಂಗಸಿನ ತಲೆ.

"ಸರ್, ಇದು ವಿಕ್ಟೋರಿಯಾ ರಾಣಿ ಅಲ್ವಾ ಮಾರಾಯ್ರೆ? ನಾಯಕ ಅರಸರ ಕಾಲಕ್ಕೆ ಈಕೆ ಎಲ್ಲಿಂದ ಬಂದ್ಲು?"

"ಮುದ್ರೆ ಆಮೇಲೆ ಒತ್ತಿರ್ತಾರೆ ಕಣ್ರೀ. ನೀವು ನಮ್ಮ ಡಿಗ್ರಿ ಸರ್ಟಿಫಿಕೇಟಿಗೆ ಎಂಬೆಸಿ ಮೊಹರು ಒತ್ತಿಸಿ ಅಟೆಸ್ಟೇಷನ್ ಮಾಡಿಸಲ್ವಾ? ಹಂಗೆ."

ಇನ್ನೂರೈವತ್ತು ವರ್ಷ ಕಾದು, ಇಂಗ್ಲೆಂಡಿನ ರಾಣಿಯಿಂದ ಅಟೆಸ್ಟೇಷನ್ ಮಾಡಿಸಿಕೊಂಡ ಮಂತ್ರಿಯ ತಾಳ್ಮೆಗೆ ಮನಸ್ಸಿನಲ್ಲೇ ಕೈ ಮುಗಿದು ಕಾಗದವನ್ನು ಮೇಜಿನ ಮೇಲಿಟ್ಟೆ. ಕಾಗದವನ್ನು ಓದಿ ಹೇಳಲು ಒಬ್ಬ ತಮಿಳಿನವನು ಬೇಕಿತ್ತು. "ಆ ಮೇಸ್ತ್ರಿನ ಕರೀರಿ" ಎಂದರು.

ಮೇಸ್ತ್ರಿ ಎಂದರೆ ಜೇಕಬ್. ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟ್ ಸೈಟಿನಲ್ಲಿ ಗಾರೆ ಕೆಲಸದವರ ಮುಖ್ಯಸ್ಥ, ಕುಂಭಕೋಣದ ಹತ್ತಿರದವನು. ಮೊದಲು ಎಂಟು ವರ್ಷ ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತದೆ. ಅವನ ರಜೆ ಅರ್ಜಿ ಮೂರು ವಾರಗಳಿಂದ ರಾಮಸ್ವಾಮಿಯವರ ಪೇಪರ್‌ವೇಟಿನ ಕೆಳಗಿತ್ತು. ನವೆಂಬರ್ ಮೊದಲ ವಾರದಲ್ಲಿ ಮಗಳು ಮರೀನಾಳ ಮದುವೆ. ‘ಪ್ಲಾಂಟ್ ನಿಲ್ಲಿಸಿ ಶಟ್‌ಡೌನ್ ಕೆಲಸ ನಡೀತಿದೆ, ಆಮೇಲೆ ನೋಡೋಣ’ ಎನ್ನುವುದು ಪ್ರತಿ ಸಲದ ಉತ್ತರ. ಮದುವೆಯನ್ನು ಆಮೇಲೆ ನೋಡುವುದು ಹೇಗೆಂದು ಜೇಕಬ್‌ಗೆ ತಿಳಿಯುತ್ತಿರಲಿಲ್ಲ. ನನಗೂ ತಿಳಿಯುತ್ತಿರಲಿಲ್ಲ.

ಮಾರನೆಯ ದಿನ ಅವನು ಸೈಟಿನ ಬಸ್ಸಿನಲ್ಲಿ ಬಂದ. ಬಾಗಿಲಲ್ಲೇ ಸೇಫ್ಟಿ ಶೂ ಬಿಚ್ಚಿದ. ಕ್ಯಾಬಿನ್ನಿನ ಕಾರ್ಪೆಟ್ ಮೇಲೆ ಸೈಟಿನವರು ಶೂ ಹಾಕಿ ಬರಕೂಡದೆಂಬುದು ರಾಮಸ್ವಾಮಿಯವರ ಆಜ್ಞೆ. ಸೈಟಿನವರಿಗೆ ಕುರ್ಚಿ ಕೊಡುವ ಪದ್ಧತಿಯೂ ಇಲ್ಲ. ನನ್ನ ಪಕ್ಕದಲ್ಲೇ ಒಂದು ಕುರ್ಚಿ ಖಾಲಿ ಇತ್ತು. ನಾನೂ ಕೊಡಲಿಲ್ಲ, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಜೇಕಬ್ ನಿಂತುಕೊಂಡೇ ಓದಿದ. ಬೆರಳು ಒಂದೊಂದೇ ಸಾಲಿನ ಮೇಲೆ ಸರಿಯಿತು. ಮೂರನೇ ಸಾಲಿನಲ್ಲಿ ನಿಂತಿತು. ಅವನು ತಲೆಯೆತ್ತಿ ಮೊದಲು ನನ್ನನ್ನು ನೋಡಿದ. ಆಮೇಲೆ ಪೇಪರ್‌ವೇಟನ್ನು ನೋಡಿದ.

"ಏನಯ್ಯಾ, ಗೋವಿಂದ ಮಂತ್ರಿ ಅಂತ ಇದೆ ತಾನೇ?" ರಾಮಸ್ವಾಮಿ ಕೇಳಿದರು.

"ಸಾರ್, ನನ್ನ ಲೀವು..."

"ಮೊದ್ಲು ಇದನ್ನ ಹೇಳು."

ಜೇಕಬ್ ಇನ್ನೊಮ್ಮೆ ಕಾಗದ ನೋಡಿದ. "ಮಂತ್ರಿ ಅಂತಾನೇ ಇದೆ ಸಾರ್. ಗೋವಿಂದ ಮಂತ್ರಿ. ಕುಂಭಕೋಣದ ಕೆರೆ ಕೆಲಸ ಮಾಡಿಸಿದ್ದಾರೆ. ದೊಡ್ಡ ಮನುಷ್ಯರು."

ರಾಮಸ್ವಾಮಿಯವರ ಮುಖ ಅರಳಿತು. ಪೇಪರ್‌ವೇಟ್ ಎತ್ತಿದರು, ಅರ್ಜಿಗೆ ಸಹಿ ಹಾಕಿದರು, ‘ಯಲ್ಲಾ, ಖಲಾಸ್, ಆಯ್ತು ಹೋಗು’ ಎಂದು ಮೇಜಿನಾಚೆ ತಳ್ಳಿದರು. ಮೂರು ವಾರ ಆಗದ ಕೆಲಸ ಮೂರು ಸೆಕೆಂಡಿನಲ್ಲಿ ಆಯಿತು.

ಹೊರಗೆ ಬಗ್ಗಿ ಶೂ ಲೇಸು ಕಟ್ಟುತ್ತಿದ್ದ ಜೇಕಬ್‌ನನ್ನು ನಾನು ಹಿಡಿದೆ. "ನಿಜ ಹೇಳು ಮಾರಾಯಾ. ಏನುಂಟು ಅದರಲ್ಲಿ?"

"ಮೇಸ್ತ್ರಿ ಅಂತ ಇದೆ ಸಾರ್" ಎಂದ, ತಲೆಯೆತ್ತದೆ. "ಗೋವಿಂದನ್ ಮೇಸ್ತ್ರಿ. ಹನ್ನೆರಡು ವರ್ಷಕ್ಕೊಮ್ಮೆ ಆಗೋ ಮಹಾಮಹಂ ಜಾತ್ರೆ ಬರೋದ್ರೊಳಗೆ ಕೆರೆಯ ಬಡಗಣ ದಂಡೆಯ ಹದಿನೆಂಟು ಮೆಟ್ಟಿಲು ರಿಪೇರಿ ಮಾಡಿ ಕೊಡ್ತೀನಿ ಅಂತ ಬರ್ಕೊಟ್ಟಿರೋ ಕರಾರು. ನಮ್ಮ ಆಳು ಸಾರ್ ಅವನು, ಗಾರೆಯವನು."

"ಮತ್ತೆ ಮಂತ್ರಿ ಅಂತ ಯಾಕೆ ಹೇಳಿದ್ದು?"

"ಮೇಸ್ತ್ರಿ ಅಂದಿದ್ರೆ ಸೈನ್ ಬೀಳ್ತಿತ್ತಾ ಸಾರ್?"

ತಮಿಳಿನಲ್ಲಿ ಮಂತ್ರಿಯನ್ನು ‘ಮಂದಿರಿ’ ಎನ್ನುತ್ತಾರಂತೆ, ಮೇಸ್ತ್ರಿಯನ್ನು ‘ಮೇಸ್ತಿರಿ’. ಬಾಲ ಹೆಚ್ಚುಕಡಿಮೆ ಒಂದೇ, ತಲೆ ಮಾತ್ರ ಬೇರೆ. ಮೂಲ ತಂಜಾವೂರಾದರೂ ತಮಿಳು ಬಾರದ ತಾತ ಯಾರಿಂದಲೋ ಓದಿಸಿ, ಅರ್ಧ ಕೇಳಿಸಿಕೊಂಡು, ಬೇಕಾದ ತಲೆ ಜೋಡಿಸಿಕೊಂಡಿರಬೇಕು.

ನನಗೆ ಸಂಕಟ ಶುರುವಾಯಿತು. ತಪ್ಪು ದಾಖಲೆ ಹೊರಗೆ ಹೋಗುವುದನ್ನು ತಡೆಯುವುದಕ್ಕೇ ನನಗೆ ಸಂಬಳ. ಆದರೆ ಜೇಕಬ್‌ನ ವಿಮಾನ ಗುರುವಾರ, ಕಾರ್ಯಕ್ರಮ ಶುಕ್ರವಾರ. ಬುಧವಾರ ನಾನು ಬಾಯಿಬಿಟ್ಟರೆ ಗುರುವಾರ ರಜೆ ರದ್ದು. ಮಗಳ ಮದುವೆಗೆ ಅಪ್ಪ ಇರುವುದಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ತಪ್ಪು ದಾಖಲೆಯನ್ನು ಬೇಕೆಂದೇ ಬಿಟ್ಟೆ. ಆ ಕಾಗದವನ್ನು ಆರಡಿ ಅಗಲಕ್ಕೆ ಪ್ರಿಂಟ್ ಮಾಡಿಸಿಕೊಂಡು ಬಂದವನೂ ನಾನೇ.

ಗುರುವಾರ ಸಂಜೆ ಜೇಕಬ್‌ನಿಂದ ಮೆಸೇಜ್ ಬಂತು: ವಿಮಾನದಲ್ಲಿ ಕೂತಿದ್ದೇನೆ ಸಾರ್. ಅಂದು ನಾನು ಹೊಟ್ಟೆ ತುಂಬ ಉಂಡೆ.

ಶುಕ್ರವಾರ ಸಭಾಂಗಣ ತುಂಬಿತ್ತು. ತುಂಬಿಸಲಾಗಿತ್ತು ಎನ್ನುವುದು ಸರಿ. ನಮ್ಮ ಕಾರ್ಮಿಕರ ಕ್ಯಾಂಪಿನಿಂದ ಎರಡು ಬಸ್ಸು ಜನರನ್ನು ಬಿರಿಯಾನಿ ಪೊಟ್ಟಣದ ಆಸೆ ತೋರಿಸಿ ತಂದು ಹಿಂದಿನ ಸಾಲುಗಳಲ್ಲಿ ಕೂರಿಸಿದ್ದರು. ರೇಷ್ಮೆ ಪಂಚೆ, ಕೆಂಪು ಮೈಸೂರು ಪೇಟದಲ್ಲಿ ರಾಮಸ್ವಾಮಿ. ಮುಂದಿನ ಸಾಲಿನಲ್ಲಿ ಅವರ ಪತ್ನಿ ಚೂಡಾಮಣಿಯವರು. ಮುಖ್ಯ ಅತಿಥಿ ಲಲಿತಮ್ಮ, ಅಲ್ ರಯ್ಯಾನ್‌ನಲ್ಲಿ ಮಗನ ಜೊತೆಗಿರುವ, ನಿವೃತ್ತಿಯಾದ ತಮಿಳು ಟೀಚರ್. ‘ತಮಿಳರಿಗೂ ಗೊತ್ತಾಗ್ಲಿ, ಅವರ ನಾಡನ್ನ ನಡೆಸಿದ್ದು ಯಾರು ಅಂತ’ ಎಂದು ರಾಮಸ್ವಾಮಿಯವರೇ ಹಟ ಹಿಡಿದು ಕರೆಸಿದ್ದರು.

ಪರದೆ ಸರಿಯಿತು. ‘ನಮ್ಮ ವಂಶದ ಮೂಲಪುರುಷರು’ ಎಂಬ ತಲೆಬರಹದ ಕೆಳಗೆ ಆರಡಿಯ ಕಾಗದ ಹೊಳೆಯಿತು. ಲಲಿತಮ್ಮ ಕನ್ನಡಕ ಸರಿಮಾಡಿಕೊಂಡು, ಯಾರೂ ಕೇಳದಿದ್ದರೂ ಮೈಕಿಗೆ ಬಾಗಿ, ತರಗತಿಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿಬಿಟ್ಟರು. ಹದಿನೆಂಟು ಮೆಟ್ಟಿಲು, ಸುಣ್ಣ, ಗಾರೆ, ಕೊನೆಗೆ ಗೋವಿಂದನ್ ಮೇಸ್ತಿರಿ. ಓದಿ ಮುಗಿಸಿ, ರಾಮಸ್ವಾಮಿಯವರ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.

"ಎಲ್ಲರೂ ರಾಜನ ವಂಶ, ಮಂತ್ರಿ ವಂಶ ಅಂತ ಹೇಳಿಕೊಳ್ತಾರೆ" ಎಂದರು ಅವರು, ಇಂಗ್ಲಿಷಿನಲ್ಲಿ. "‘ನಾನು ಗಾರೆ ಮೇಸ್ತ್ರಿಯ ವಂಶ’ ಅಂತ ಇಷ್ಟು ದೊಡ್ಡದಾಗಿ ಬರೆಸಿ ಹಾಕಿದವರನ್ನು ನಾನು ಇವತ್ತೇ ನೋಡಿದ್ದು."

ಆಮೇಲೆ ಹಿಂದಿನ ಸಾಲುಗಳಿಂದ ಒಂದು ಸಿಳ್ಳೆ ಬಂತು, ಅದರ ಹಿಂದೆ ಎರಡು ಬಸ್ಸಿನಷ್ಟು ಚಪ್ಪಾಳೆ. "ಮೇಸ್ತ್ರಿ! ಮೇಸ್ತ್ರಿ!" ಎಂದು ಗಾರೆಯವರು, ಬಡಗಿಗಳು ಎದ್ದು ನಿಂತು ಕೂಗಿದರು. ಚೂಡಾಮಣಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುವಂತೂ ಆಗಿರಲಿಲ್ಲ.

ರಾಮಸ್ವಾಮಿಯವರ ಮುಖ ಪೇಟದ ಬಣ್ಣಕ್ಕೆ ತಿರುಗಿತು. ಆದರೆ ಆರು ವರ್ಷ ಅಧ್ಯಕ್ಷರಾಗಿದ್ದವರು ಚಪ್ಪಾಳೆಯನ್ನು ಹಾಗೆಲ್ಲ ಬಿಟ್ಟುಕೊಡುವುದಿಲ್ಲ. ಮೈಕ್ ಹಿಡಿದರು. "ಹೌದು! ನಾನು ಮೇಸ್ತ್ರಿ ವಂಶದವನು! ಅದೇ ನನ್ನ ಹೆಮ್ಮೆ!"

ನೂರಾರು ಫೋನುಗಳು ಅದನ್ನು ಹಿಡಿದುಕೊಂಡವು. ನನ್ನದೂ.

ಭಾನುವಾರ ಬೆಳಿಗ್ಗೆ ಅವರು ಹಲ್ಲು ಕಡಿಯುತ್ತ ಬಂದರು. "ಆ ಜೇಕಬ್‌ನ ರಜೆ ಕ್ಯಾನ್ಸಲ್ ಮಾಡಿ. ಬಂದ ಮೇಲೆ ಟರ್ಮಿನೇಷನ್."

"ಕಾರಣ ಏನಂತ ಬರೆಯೋದು ಸರ್? ಮೇಸ್ತ್ರಿಯನ್ನು ಮಂತ್ರಿ ಮಾಡಿದ ಅಂತಲಾ? ವಿಡಿಯೋ ಎಲ್ಲ ಕ್ಯಾಂಪಿನಲ್ಲೂ ಓಡ್ತಾ ಉಂಟು. ಜಿ.ಎಂ. ಕೂಡ ನೋಡಿದ್ದಾರೆ, ನಿಮ್ಮನ್ನು ತುಂಬ ಹೊಗಳಿದ್ರು."

ಅವರು ಮೆಲ್ಲನೆ ಕುಳಿತರು. ಕಾಫಿ ಮುಗಿಯುವಷ್ಟರಲ್ಲಿ ರಿವಿಷನ್ ಇ ಸಿದ್ಧವಾಗಿತ್ತು. "ಯೋಚನೆ ಮಾಡಿ ನೋಡ್ರೀ. ಆ ಕೆರೆ ನಿಂತಿರೋದೇ ನಮ್ಮ ಗೋವಿಂದ ಮೇಸ್ತ್ರಿಯಿಂದ. ಮಂತ್ರಿ ಮಾಡಿದ್ದೇನು? ಕೂತ್ಕೊಂಡು ಸಹಿ ಹಾಕಿದ್ದು."

ಇದನ್ನು ಹೇಳುವಾಗ ಅವರು ಕೂತ್ಕೊಂಡು ಸಹಿ ಹಾಕುತ್ತಿದ್ದರು. ಆ ಗೋವಿಂದ ಮೇಸ್ತ್ರಿಯಾದರೂ ಇವರ ವಂಶದವನೆಂದು ಕಾಗದದಲ್ಲಿ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಎಫ್ ಬರುವುದು ನನಗೆ ಬೇಡವಾಗಿತ್ತು.

ಮೂರು ವಾರದ ನಂತರ ಜೇಕಬ್ ಮದುವೆಯ ಲಾಡು ಹಿಡಿದು ಬಂದ. ಎಂದಿನಂತೆ ರಾಮಸ್ವಾಮಿಯವರ ಕ್ಯಾಬಿನ್ ಬಾಗಿಲಲ್ಲಿ ಶೂ ಬಿಚ್ಚಿದ. ಒಳಗೆ ಬಂದು, ನನ್ನ ಪಕ್ಕದ ಖಾಲಿ ಕುರ್ಚಿಯನ್ನು ಎಳೆದುಕೊಂಡು ಕುಳಿತ.

"ವಿಡಿಯೋ ಮದುವೆ ಮನೇಲಿ ಎಲ್ರಿಗೂ ತೋರಿಸ್ದೆ ಸಾರ್" ಎಂದ. "ನಮ್ಮ ಮ್ಯಾನೇಜರು ನಮ್ಮ ಆಳೇ ಅಂತ ಹೇಳ್ದೆ."

ರಾಮಸ್ವಾಮಿ ಕುರ್ಚಿಯನ್ನು ನೋಡಿದರು, ನನ್ನ ಫೋನನ್ನು ನೋಡಿದರು. "ಕೂತ್ಕೋ, ಕೂತ್ಕೋ" ಎಂದರು, ಅವನು ಕುಳಿತು ಎರಡು ನಿಮಿಷವಾದ ಮೇಲೆ. ಲಾಡು ತಿಂದರು. ನನಗೆ ಅಷ್ಟು ಖುಷಿಯಾದದ್ದು ನನ್ನ ಮದುವೆಯಲ್ಲೂ ಇಲ್ಲ.

ಮರುದಿನ ಬೆಳಿಗ್ಗೆ ಕ್ಯಾಬಿನ್‌ಗೆ ಹೋದರೆ ಆ ಕುರ್ಚಿ ಇರಲಿಲ್ಲ.

"ಕಾಲು ಸಡಿಲ ಆಗಿತ್ತು ಕಣ್ರೀ" ಎಂದರು ರಾಮಸ್ವಾಮಿ, ಫೈಲಿನಿಂದ ತಲೆಯೆತ್ತದೆ. "ರಿಪೇರಿಗೆ ಕಳಿಸಿದೀನಿ."

"ಯಾವ ಮೇಸ್ತ್ರಿ ಹತ್ರ ಸರ್?" ಎಂದು ಕೇಳಿದೆ.