ನಮ್ಮ ದೇವರ ಹೆಸರು

ನಮ್ಮೂರ ಎಪ್ಪತ್ತು ದಾಟಿದ ಯಜಮಾನ ದೊಡ್ಡರಂಗಪ್ಪನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ ಅನ್ನುತ್ತಾರಲ್ಲ, ಆ ಹಾವು ಇವನೇ.

ಬರಗೂರಿನಾಚೆ ನಮ್ಮೂರ ಸರ್ಕಾರಿ ಪ್ರಾಥಮಿಕ ಶಾಲೆಗೆ ಈ ವರ್ಷ ಐವತ್ತು ತುಂಬಿತು. ನಾನು ಓದಿದ್ದು ಅಲ್ಲೇ, ಈಗ ಅತಿಥಿ ಶಿಕ್ಷಕಿಯಾಗಿ ಪಾಠ ಹೇಳುವುದೂ ಅಲ್ಲೇ. ಶಾಲೆ ನಿಂತಿರುವುದು ನಮ್ಮ ತಾತ ಕುರಿ ಕೂಡಿಹಾಕುತ್ತಿದ್ದ ರೊಪ್ಪದ ಜಾಗದಲ್ಲಿ, ಅವನೇ ಬಿಟ್ಟುಕೊಟ್ಟದ್ದು. ಮೊದಮೊದಲು ಮಕ್ಕಳ ಚಡ್ಡಿಗೆಲ್ಲ ಹಿಕ್ಕೆ ಮೆತ್ತಿಕೊಳ್ಳುತ್ತಿತ್ತಂತೆ. ಜನ ಇಂದಿಗೂ ಅದನ್ನು ರೊಪ್ಪದ ಇಸ್ಕೂಲು ಎಂದೇ ಕರೆಯುತ್ತಾರೆ. ಆದರೆ ಸುವರ್ಣ ಮಹೋತ್ಸವದ ಕಲ್ಲಿನಲ್ಲಿ 'ಭೂದಾನಿ ದೊಡ್ಡರಂಗಪ್ಪ' ಎಂದು ಕೆತ್ತಿಸಲು ಊರಿನವರು ಹೊರಟಿದ್ದರು.

ಶಾಲೆಯ ಹಳೆಯ ಪುಸ್ತಕವೂ ಅವನ ಪರವಾಗಿಯೇ ಇತ್ತು. ಐವತ್ತು ವರ್ಷದ ಹಿಂದೆ ಹೊಸ ಮೇಷ್ಟರು ಜಾಗ ಕೊಟ್ಟವರ ಹೆಸರು ಬರೆದುಕೊಳ್ಳಲು ಊರಾಚೆಯ ನಮ್ಮ ಹಟ್ಟಿಗೆ ಬಂದಾಗ ತಾತ ಕುರಿ ಹೊಡೆದುಕೊಂಡು ಪಾವಗಡದ ಕಡೆ ಹೋಗಿದ್ದ. ಮನೆಯಲ್ಲಿದ್ದವಳು ಅಜ್ಜಿ ಕ್ಯಾತಮ್ಮ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದವಳು. "ನಮ್ಮ ದ್ಯಾವ್ರ ಹೆಸ್ರು ಸ್ವಾಮಿ" ಅಂದಳಂತೆ. ನಮ್ಮ ಹಟ್ಟಿಯ ದೇವರು ಜುಂಜಪ್ಪ, ತಾತನ ಹೆಸರೂ ಅದೇ. ಪರವೂರಿನ ಮೇಷ್ಟರಿಗೆ ಗೊತ್ತಿದ್ದದ್ದು ಊರ ದೇವರು ರಂಗನಾಥ. 'ರಂಗಪ್ಪ' ಎಂದು ಬರೆದುಕೊಂಡು ಹೋದರು. ಓದು ಬಾರದ ಅಜ್ಜಿಗೆ ಅದು ತಿಳಿಯಲೇ ಇಲ್ಲ.

ಕಲ್ಲಿನ ಹೆಸರು ತೀರ್ಮಾನಿಸಲು ಶಾಲೆಯಲ್ಲಿ ಸಭೆ ಸೇರಿದ ದಿನ ನಾನು ತಾತನ ಹಳೆಯ ರೇಷನ್ ಕಾರ್ಡ್ ಹಿಡಿದು ಹೋದೆ. ದೊಡ್ಡರಂಗಪ್ಪ ಅದನ್ನೇ ಎತ್ತಿ ಎಲ್ಲರಿಗೂ ತೋರಿಸಿದ.

"ನೋಡ್ರಪ್ಪ, ತಾತನ ಹೆಸ್ರು ಜುಂಜಪ್ಪ ಅಂತ ಪವಿತ್ರನೇ ತೋರುಸ್ತಾವ್ಳೆ. ಬುಕ್ಕಲ್ಲಿರೋದು ರಂಗಪ್ಪ. ಆ ರಂಗಪ್ಪ ನಾನೇ. ಇನ್ನೇನ್ ಬೇಕು?"

"ನಮ್ಮಜ್ಜಿ ಹೆಸ್ರು ಹೇಳ್ನಿಲ್ಲ, ಅದ್ಕೇ ತಪ್ಪಾಗದೆ" ಅಂದೆ.

"ಅಂಗಾರೆ ಕರ್ಕೊಂಬಾ. ಎಲ್ರ ಮುಂದೆ ಬಾಯ್ಬುಟ್ಟು ಹೇಳ್ಲಿ, ಕಲ್ಲಿಗೆ ಅದೇ ಹಾಕ್ಸನ. ಸತ್ತೋನ್ಗೆ ಇನ್ನೇನ್ ಆಯಸ್ಸು ಕಮ್ಮಿ ಆಯ್ತದೆ?"

ಜನ ನಕ್ಕರು. ನನ್ನ ಜೊತೆ ಓದಿದವರೂ ನಕ್ಕರು, ನಾಚಿಕೆಗೆಟ್ಟವರು. ಮುಖ್ಯ ಶಿಕ್ಷಕಿ ಲೋಹಿತಾ ಮೇಡಂ ಮೇಜು ನೋಡುತ್ತಾ ಕೂತಿದ್ದರು. ಅಜ್ಜಿ ಹೇಳುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನನಗೂ ಹಟ ಬಂತು. ಹಟ್ಟಿಗೆ ಹೋಗಿ ಅಜ್ಜಿಯನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಬಂದೆ.

ಅಜ್ಜಿ ಮಕ್ಕಳ ಬೆಂಚಿನ ಮೇಲೆ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಾತ ಸತ್ತು ಹನ್ನೊಂದು ವರ್ಷವಾಗಿತ್ತು. ಹೆಣದ ಮುಂದೆ ಅಳುವಾಗಲೂ ಅವಳು ಆ ಹೆಸರು ಎತ್ತಿರಲಿಲ್ಲ.

"ಏನ್ ಕ್ಯಾತಮ್ಮ, ನಾಲ್ಗೆ ಬಿದ್ದೋಯ್ತಾ?" ಅಂದ ದೊಡ್ಡರಂಗಪ್ಪ.

ಅಜ್ಜಿ ಅಲುಗಲಿಲ್ಲ. ನನಗೆ ತಡೆಯಲಾಗಲಿಲ್ಲ. "ಹೇಳ್ಬುಡಜ್ಜಿ" ಎಂದು ಅವಳ ಬೆನ್ನಿಗೆ ತಿವಿದೆ.

ಅವಳು ಎದ್ದು ನಿಂತು ಅವನ ಮುಖವನ್ನೇ ನೋಡಿದಳು.

"ಜುಂಜಪ್ಪ. ನನ್ ಗಂಡ ಜುಂಜಪ್ಪ. ಕೇಳುಸ್ತಾ? ನಿನ್ ಬಾಯ್ಗೆ ಮಣ್ಣಾಕ."

ಯಾರೂ ನಗಲಿಲ್ಲ. ಕಲ್ಲಿನ ಮೇಲೆ ತಾತನ ಹೆಸರೇ ಬಂತು. ದೊಡ್ಡರಂಗಪ್ಪ ಸಮಾರಂಭಕ್ಕೆ ಬರಲಿಲ್ಲ, ನನಗೆ ಅದೇ ಹಬ್ಬ. ಆದರೆ ಅಜ್ಜಿಯೂ ಹೊರಡಲಿಲ್ಲ. ಸಭೆಯಿಂದ ಬಂದ ದಿನ ಮೂರು ಸಲ ಬಾಯಿ ಮುಕ್ಕಳಿಸಿ, ಉಣ್ಣದೆ ಮಲಗಿದ್ದಳು. ಅಂದಿನಿಂದ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

"ಆ ಮುಂಡೇಮಗ ಬಾಯ್ಬುಡ್ಸಿದ್ಕೆ ಸಿಟ್ಟೇನಜ್ಜಿ?" ಎಂದು ಕೇಳಿದೆ.

"ಅವ್ನು ಕೇಳ್ದಾಗ ನಾನು ಹೇಳ್ನಿಲ್ಲ ಕಣಮ್ಮ" ಅಂದಳು. "ನೀನು ತಿವಿದ್ಯಲ್ಲ, ಆಗ ಹೇಳ್ದೆ."